ಒಂದೇ ಆಟ, ನಾಲ್ಕು ಬಿಡುಗಡೆ: ಕಾಯಿಸಿ ಮಾರುವ ಲೆಕ್ಕ ಎಲ್ಲಿ ಕೂಡುತ್ತದೆ, ಎಲ್ಲಿ ಕೈಕೊಡುತ್ತದೆ

2013ರ ಸೆಪ್ಟೆಂಬರ್ 17ರಂದು ಗ್ರ್ಯಾಂಡ್ ಥೆಫ್ಟ್ ಆಟೋ 5 (ಜಿಟಿಎ 5) ಎಂಬ ವಿಡಿಯೋ ಗೇಮ್ ಬಂದಾಗ ಅದನ್ನು ಆಡಲು ಪ್ಲೇಸ್ಟೇಷನ್ 3 ಇಲ್ಲವೇ ಎಕ್ಸ್‌ಬಾಕ್ಸ್ 360 ಎಂಬ ಆಟದ ಯಂತ್ರ (ಕನ್ಸೋಲ್) ಮನೆಯಲ್ಲಿರಬೇಕಿತ್ತು. ಪಿಎಸ್ 4 ಮತ್ತು ಎಕ್ಸ್‌ಬಾಕ್ಸ್ ಒನ್‌ನವರಿಗೆ ಸಿಕ್ಕಿದ್ದು 2014ರ ನವೆಂಬರ್ 18ಕ್ಕೆ. ಪಿಸಿಯವರಿಗೆ ಮೊದಲು 2015ರ ಜನವರಿ 27 ಎಂದರು, ಆಮೇಲೆ ಮಾರ್ಚ್ 24 ಎಂದರು, ಕೊನೆಗೆ ಕೊಟ್ಟಿದ್ದು ಏಪ್ರಿಲ್ 14ರಂದು. ಪಿಎಸ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಆವೃತ್ತಿಗೆ 2022ರ ಮಾರ್ಚ್ 15ರವರೆಗೆ ಕಾಯಬೇಕಾಯಿತು. ಒಂದೇ ಆಟಕ್ಕೆ ನಾಲ್ಕು ಬಿಡುಗಡೆ, ನಡುವೆ ಎಂಟೂವರೆ ವರ್ಷ. 2024ರ ಹೊತ್ತಿಗೆ ಒಟ್ಟು ಮಾರಾಟ 20 ಕೋಟಿ ಪ್ರತಿ ತಲುಪಿತ್ತು.

ಇದನ್ನು ನೋಡಿದವರು ಸುಲಭವಾಗಿ ಒಂದು ಸೂತ್ರ ಕಟ್ಟಿಬಿಡುತ್ತಾರೆ: ಕಾಯಿಸಿ ಕಾಯಿಸಿ ಬಿಟ್ಟರೆ ಒಂದೇ ಸರಕಿಗೆ ಎರಡು ಮೂರು ಸಲ ದುಡ್ಡು. ಅದೇ ಸೂತ್ರ ನಂಬಿ ಹೊರಟ ಎಷ್ಟೋ ಆಟಗಳು ಎರಡನೆಯ ಬಿಡುಗಡೆಯಲ್ಲಿ ನೊಣ ಹೊಡೆಯುತ್ತ ಕೂತಿವೆ. ತಿಂಗಳ ಅಂತರಕ್ಕೆ ತನ್ನದೇ ಆದ ಶಕ್ತಿ ಏನೂ ಇಲ್ಲ. ಎರಡನೆಯ ದಿನಾಂಕದಂದು ಕೊಳ್ಳಲು ಬರುವವರು ಯಾರು ಎಂಬುದರ ಮೇಲೆ ಎಲ್ಲ ನಿಂತಿದೆ. ಕೆಲವರ ಹತ್ತಿರ ಮೊದಲ ಯಂತ್ರವೇ ಇರಲಿಲ್ಲ, ಅವರು ನಿಜಕ್ಕೂ ಹೊಸ ಗಿರಾಕಿಗಳು. ಕೆಲವರ ಹತ್ತಿರ ಎರಡೂ ಇದ್ದು, ಚೆನ್ನಾಗಿ ಕಾಣುವ ಆವೃತ್ತಿ ಬರಲಿ ಎಂದು ಸುಮ್ಮನೆ ಕಾದಿದ್ದರು. ಇವರಿಂದ ಮಾರಾಟ ಹೆಚ್ಚಾಗುವುದಿಲ್ಲ, ಮುಂದಕ್ಕೆ ಹೋಗುತ್ತದೆ ಅಷ್ಟೆ. ಇನ್ನು ಕೆಲವರು ಒಮ್ಮೆ ಕೊಂಡು ಮತ್ತೊಮ್ಮೆ ಕೊಳ್ಳುವವರು. ಯಾವ ಪಟ್ಟಿಯಲ್ಲೂ ಕಾಣದ ಗುಂಪು ಇನ್ನೊಂದಿದೆ: ಮೊದಲ ತಿಂಗಳಲ್ಲಿ ಕೊಳ್ಳಬೇಕೆಂದುಕೊಂಡು, ಸಿಗದೆ, ಯೂಟ್ಯೂಬ್‌ನಲ್ಲಿ ಇಡೀ ಕಥೆ ನೋಡಿ ಮುಗಿಸಿ ಬೇರೆ ಆಟಕ್ಕೆ ಹೋದವರು.

ರೀಲು ಪೆಟ್ಟಿಗೆಯ ಕಾಲದಲ್ಲಿ ನಮ್ಮ ಸಿನಿಮಾಗಳೂ ಹೀಗೇ ಊರೂರು ದಾಟುತ್ತಿದ್ದವು. ಮೊದಲು ಕೆ.ಜಿ. ರಸ್ತೆ, ಆಮೇಲೆ ಜಿಲ್ಲಾ ಕೇಂದ್ರ, ಕೊನೆಗೆ ಟೂರಿಂಗ್ ಟಾಕೀಸು. ತಾಲ್ಲೂಕಿನ ಪ್ರೇಕ್ಷಕನಿಗೆ ಬೇರೆ ದಾರಿ ಇರಲಿಲ್ಲ, ಕಾಯುತ್ತಿದ್ದ. ಕಾಯುವಾಗ ಬಾಯಿಂದ ಬಾಯಿಗೆ ಹಬ್ಬಿದ ಹೊಗಳಿಕೆಯೇ ಪುಕ್ಕಟೆ ಪ್ರಚಾರವಾಗುತ್ತಿತ್ತು. ಇಂದಿನ ಗೇಮರ್‌ಗೆ ಅಂಥ ಕಟ್ಟುಪಾಡಿಲ್ಲ. ಪಿಸಿ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನ ಅವನ ಖಾತೆಯಲ್ಲಿ ಕೊಂಡು ಮುಟ್ಟದ ಆಟಗಳೇ ಡಜನ್‌ಗಟ್ಟಲೆ ಬಿದ್ದಿರುತ್ತವೆ.

ಜಿಟಿಎ 5 ಯಾಕೆ ಗೆದ್ದಿತು

ಜಿಟಿಎ 5ರ ಮೊದಲ ಬಿಡುಗಡೆಯ ಸಮಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 2013ರ ಸೆಪ್ಟೆಂಬರ್‌ನಲ್ಲಿ ಪಿಎಸ್ 3 ಮತ್ತು ಎಕ್ಸ್‌ಬಾಕ್ಸ್ 360 ತಲಾ 8 ಕೋಟಿಯ ಆಸುಪಾಸು ಮಾರಾಟವಾಗಿದ್ದವು. ಹೊಸ ಕನ್ಸೋಲ್‌ಗಳು ಬರಲು ಇನ್ನೂ ಎರಡು ತಿಂಗಳಿತ್ತು. ಅಂದರೆ ಹಳೆಯ ಯಂತ್ರಗಳ ಸಂಖ್ಯೆ ತುತ್ತತುದಿಯಲ್ಲಿದ್ದಾಗ ಆಟ ಬಂತು. ಮೊದಲ ದಿನವೇ 80 ಕೋಟಿ ಡಾಲರ್, ಮೂರು ದಿನಕ್ಕೆ 100 ಕೋಟಿ ಡಾಲರ್ ವಹಿವಾಟಾಯಿತು.

ಮುಂದಿನ ಹದಿನಾಲ್ಕು ತಿಂಗಳಲ್ಲಿ ಆ ಗಿರಾಕಿಗಳಲ್ಲಿ ದೊಡ್ಡ ಪಾಲು ಹಳೆಯ ಯಂತ್ರ ಬಿಟ್ಟು ಹೊಸದಕ್ಕೆ ಹೋದರು. ಪಿಎಸ್ 4ರಲ್ಲಿ ಪಿಎಸ್ 3ರ ಡಿಸ್ಕ್ ಓಡುವುದಿಲ್ಲ. ಹೊಸ ಯಂತ್ರ ತಂದವನಿಗೆ ಹಳೆಯ ಕಾಪಿ ಇದ್ದೂ ಇಲ್ಲದಂತೆ. ಇಲ್ಲಿ ಆಟ ತಯಾರಿಸಿದ ರಾಕ್‌ಸ್ಟಾರ್ ಎರಡು ಕೆಲಸ ಮಾಡಿತು. ಒಂದು, ಹೊಸ ಆವೃತ್ತಿಯಲ್ಲಿ ಇಡೀ ಆಟವನ್ನು ಪಾತ್ರದ ಕಣ್ಣಿನಿಂದಲೇ ಆಡುವ ಫಸ್ಟ್ ಪರ್ಸನ್ ವಿಧಾನ ಸೇರಿಸಿತು. ಬಣ್ಣ ಬಳಿದ ಹಳೇ ಮನೆ ಎಂದು ಯಾರೂ ಅನ್ನುವಂತಿರಲಿಲ್ಲ. ಎರಡನೆಯದು ಹೆಚ್ಚು ಜಾಣತನದ್ದು: ಹಲವರು ಅಂತರ್ಜಾಲದಲ್ಲಿ ಕೂಡಿ ಆಡುವ ಭಾಗವಾದ ಜಿಟಿಎ ಆನ್‌ಲೈನ್‌ನಲ್ಲಿ ಹಳೆಯ ಯಂತ್ರದಲ್ಲಿ ಬೆಳೆಸಿದ ಪಾತ್ರ, ಕೂಡಿಟ್ಟ ಆಟದ ಹಣ, ಕಾರುಗಳನ್ನು ಹೊಸ ಯಂತ್ರಕ್ಕೆ ಸಾಗಿಸಲು ಬಿಟ್ಟಿತು. ನೂರಾರು ಗಂಟೆ ಕೂಡಿಸಿದ್ದನ್ನು ಕಳೆದುಕೊಳ್ಳುವ ಭಯವೇ ಎರಡನೆಯ ಕಾಪಿ ಕೊಳ್ಳದಿರಲು ದೊಡ್ಡ ಕಾರಣ, ಅದನ್ನೇ ತೆಗೆದುಹಾಕಿದರು. 2014ರ ಕೊನೆಗೆ ಅಂಗಡಿಗಳಿಗೆ ಹೋದ ಒಟ್ಟು ಪ್ರತಿಗಳು 4.5 ಕೋಟಿ. ಪಿಸಿ ಆವೃತ್ತಿ ಬಂದ ಮೇಲೆ, 2015ರ ಮೇ ಹೊತ್ತಿಗೆ 5.2 ಕೋಟಿ.

ಪಿಸಿಯಲ್ಲಿ ಇನ್ನೊಂದು ಬಗೆಯ ಲಾಭ ಕಾದಿತ್ತು. ಆಟವನ್ನು ತಮಗೆ ಬೇಕಾದಂತೆ ಬದಲಿಸುವ ಮಾಡ್ ಬರೆಯುವವರು ಸೇರಿಕೊಂಡರು, ಪೊಲೀಸ್, ಟ್ಯಾಕ್ಸಿ ಚಾಲಕ, ವಕೀಲ ಎಂದು ವೇಷ ಹಾಕಿ ಆಡುವ ರೋಲ್‌ಪ್ಲೇ ಸರ್ವರ್‌ಗಳು ಹುಟ್ಟಿದವು. ಆ ಸರ್ವರ್‌ಗಳ ಹಿಂದಿನ ಫೈವ್‌ಎಂ ತಂಡವನ್ನು ರಾಕ್‌ಸ್ಟಾರ್ 2023ರಲ್ಲಿ ತನ್ನ ತೆಕ್ಕೆಗೇ ತೆಗೆದುಕೊಂಡಿತು.

ಹೀಗೆ ಜಿಟಿಎ 5ರ ಬೆನ್ನಿಗೆ ಯಂತ್ರಗಳ ತಲೆಮಾರು ಬದಲಾವಣೆ ಇತ್ತು, ಮುಗಿಯದ ಆನ್‌ಲೈನ್ ಆಟ ಇತ್ತು, ಪ್ರತಿ ಆವೃತ್ತಿಯಲ್ಲೂ ಹೊಸತೇನಾದರೂ ಇತ್ತು. ಈ ಮೂರೂ ಒಟ್ಟಿಗೆ ಬೇರೆಯವರಿಗೆ ಸಿಗುವುದು ಅಪರೂಪ. ರಾಕ್‌ಸ್ಟಾರ್‌ನದೇ ರೆಡ್ ಡೆಡ್ ರಿಡೆಂಪ್ಷನ್ 2 ನೋಡಿ: ಕನ್ಸೋಲ್‌ಗೆ 2018ರ ಅಕ್ಟೋಬರ್ 26, ಪಿಸಿಗೆ 2019ರ ನವೆಂಬರ್ 5. ಮೊದಲ ವಾರಾಂತ್ಯ 72.5 ಕೋಟಿ ಡಾಲರ್. ಪಿಸಿಗೆ ಬಂದ ದಿನ ಮಾತ್ರ ಅದನ್ನು ಶುರುಮಾಡುವ ಲಾಂಚರ್ ತಂತ್ರಾಂಶ ತೆರೆದು ತೆರೆದು ಮುಚ್ಚಿಹೋಗುತ್ತಿತ್ತು. ಒಂದು ವರ್ಷ ಕಾದವರ ಮೊದಲ ವಾರ ಕಂಪ್ಯೂಟರಿನ ಮೂಲ ತಂತ್ರಾಂಶವಾದ ಬಯಾಸ್ ಅಪ್‌ಡೇಟ್ ಮಾಡುವುದರಲ್ಲಿ, ಆಂಟಿವೈರಸ್ ಆರಿಸುವುದರಲ್ಲಿ ಕಳೆಯಿತು. ಬೆಂಗಳೂರಿನಲ್ಲೂ ರಾಕ್‌ಸ್ಟಾರ್‌ನ ಸ್ಟುಡಿಯೋ ಇದೆ. 1997ರಲ್ಲಿ ಇಲ್ಲೇ ಶುರುವಾದ ಧ್ರುವ ಇಂಟರಾಕ್ಟಿವ್ 2019ರಲ್ಲಿ ಅದರೊಳಗೆ ಸೇರಿಹೋಯಿತು. ಹಾಗಾಗಿ ಈ ವೇಳಾಪಟ್ಟಿಗಳ ಬಿಸಿ ನಮ್ಮೂರಿನ ಟೆಸ್ಟರ್‌ಗಳಿಗೂ ತಟ್ಟುತ್ತದೆ.

ಮೊದಲೇ ಹೇಳಿದರೆ ಮೊದಲನೆಯದು ಕೆಡುತ್ತದೆ

ಅಂತರದಷ್ಟೇ ಮುಖ್ಯವಾದದ್ದು, ಇನ್ನೊಂದು ಆವೃತ್ತಿ ಬರುತ್ತದೆ ಎಂದು ಯಾವಾಗ ಬಾಯಿಬಿಡುತ್ತೀರಿ ಎಂಬುದು. ಇದಕ್ಕೆ ಹಳೆಯ ಪಾಠ ರೆಸಿಡೆಂಟ್ ಈವಿಲ್ 4. ನಿಂಟೆಂಡೊದ ಗೇಮ್‌ಕ್ಯೂಬ್‌ಗೆ ಮಾತ್ರ ಎಂದು ಸಾರಿದ್ದ ಆಟ. 2005ರ ಜನವರಿಯಲ್ಲಿ ಬಿಡುಗಡೆ. ಅದಕ್ಕೆ ಕೆಲವೇ ತಿಂಗಳು ಮೊದಲು, 2004ರಲ್ಲೇ, ಪಿಎಸ್ 2ಕ್ಕೂ ಬರುತ್ತದೆ ಎಂದು ಆಟದ ಕಂಪನಿ ಕ್ಯಾಪ್‌ಕಾಮ್ ಘೋಷಿಸಿತು. ಎರಡೂ ಯಂತ್ರ ಇದ್ದವನು ಇನ್ನು ಗೇಮ್‌ಕ್ಯೂಬ್ ಕಾಪಿ ಯಾಕೆ ಕೊಳ್ಳಬೇಕು? ಈ ಆಟಕ್ಕಾಗಿಯೇ ಗೇಮ್‌ಕ್ಯೂಬ್ ತರೋಣ ಅಂದುಕೊಂಡಿದ್ದವನಂತೂ ಪರ್ಸನ್ನು ಜೇಬಿಗೇ ಹಾಕಿಕೊಂಡ.

ಅಕ್ಟೋಬರ್‌ನಲ್ಲಿ ಪಿಎಸ್ 2 ಆವೃತ್ತಿ ಬಂತು, ಏಡಾ ವಾಂಗ್‌ಳ ಕಥೆ ಹೇಳುವ ಹೆಚ್ಚುವರಿ ಅಧ್ಯಾಯದೊಂದಿಗೆ. ಕ್ಯಾಪ್‌ಕಾಮ್‌ನದೇ ಲೆಕ್ಕದಲ್ಲಿ ಗೇಮ್‌ಕ್ಯೂಬ್‌ನಲ್ಲಿ 16 ಲಕ್ಷ, ಪಿಎಸ್ 2ರಲ್ಲಿ 23 ಲಕ್ಷ ಪ್ರತಿ ಹೋದವು. ಗೆದ್ದದ್ದು ಪಿಎಸ್ 2 ಎಂದು ಕಾಣುತ್ತದೆ. ಆದರೆ ತನ್ನ ಜೀವಮಾನದಲ್ಲಿ ಗೇಮ್‌ಕ್ಯೂಬ್ ಮಾರಾಟವಾದದ್ದು 2.17 ಕೋಟಿ, ಪಿಎಸ್ 2 ಮಾರಾಟವಾದದ್ದು 15.5 ಕೋಟಿಗೂ ಮೇಲೆ. ಯಂತ್ರಗಳು ಏಳು ಪಟ್ಟು, ಆಟದ ಪ್ರತಿಗಳು ಒಂದೂವರೆ ಪಟ್ಟಿಗೂ ಕಡಿಮೆ. ಹೋಲಿಕೆ ಒರಟಾದದ್ದು ನಿಜ, ಆದರೂ ಎರಡು ದೋಣಿಯಲ್ಲಿ ಕಾಲಿಟ್ಟರೆ ಎರಡೂ ಕಡೆ ಎಷ್ಟು ಸೋರುತ್ತದೆ ಎಂಬುದು ಕಾಣುತ್ತದೆ.

ಹತ್ತು ವರ್ಷದ ಬಳಿಕ ರೈಸ್ ಆಫ್ ದ ಟೂಂಬ್ ರೈಡರ್ ಕಥೆ ಬೇರೆ ಹಾದಿಯಲ್ಲಿ ಅಲ್ಲಿಗೇ ಬಂತು. 2014ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಇದು ಎಕ್ಸ್‌ಬಾಕ್ಸ್‌ಗೆ ಮಾತ್ರ ಎಂದಿತು, ಎಷ್ಟು ದಿನಕ್ಕೆ ಎಂದು ಹೇಳಲಿಲ್ಲ. 2015ರ ಜುಲೈನಲ್ಲಿ ಗುಟ್ಟು ಹೊರಬಂತು: ಪಿಸಿಗೆ 2016ರ ಆರಂಭ, ಪಿಎಸ್ 4ಕ್ಕೆ 2016ರ ವರ್ಷಾಂತ್ಯ. ಎಕ್ಸ್‌ಬಾಕ್ಸ್ ಆವೃತ್ತಿ ಮಾರುಕಟ್ಟೆಗೆ ಬರಲು ಆಗ ಇನ್ನೂ ನಾಲ್ಕು ತಿಂಗಳಿತ್ತು. ಬಂದ ದಿನವಾದರೂ ಯಾವುದು? 2015ರ ನವೆಂಬರ್ 10. ಅದೇ ದಿನ ಫಾಲ್‌ಔಟ್ 4 ಎಲ್ಲ ಪ್ಲಾಟ್‌ಫಾರ್ಮ್‌ಗಳಲ್ಲಿ ಒಟ್ಟಿಗೆ ಇಳಿಯಿತು. ಮೊದಲ ದಿನಕ್ಕೇ 1.2 ಕೋಟಿ ಪ್ರತಿಗಳನ್ನು ಅಂಗಡಿಗಳಿಗೆ ಕಳಿಸಿದ್ದರು. ಆನೆ ಹೋಗುವ ದಾರಿಯಲ್ಲಿ ಬುಟ್ಟಿ ಇಟ್ಟು ವ್ಯಾಪಾರಕ್ಕೆ ಕೂತ ಹಾಗಾಯಿತು.

ಪಿಎಸ್ 4 ಆವೃತ್ತಿಯನ್ನು 2016ರ ಅಕ್ಟೋಬರ್ 11ಕ್ಕೆ ಬಿಟ್ಟಾಗ ಮಾಡಿದ ಕೆಲಸ ಮಾತ್ರ ಅಚ್ಚುಕಟ್ಟು. ಸರಣಿಗೆ ಇಪ್ಪತ್ತು ವರ್ಷ ತುಂಬಿದ ನೆಪ ಹಿಡಿದು, ಅಲ್ಲಿಯವರೆಗಿನ ಎಲ್ಲ ಹೆಚ್ಚುವರಿ ಭಾಗಗಳನ್ನೂ ಒಂದೇ ಪೆಟ್ಟಿಗೆಗೆ ತುಂಬಿ, ಪ್ಲೇಸ್ಟೇಷನ್ ವಿಆರ್‌ನಲ್ಲಿ ಓಡುವ ಹೊಸ ತುಣುಕನ್ನೂ ಸೇರಿಸಿ ಕೊಟ್ಟರು. ತಡವಾಗಿ ಬಂದವನ ಕೈಯಲ್ಲಿ ಹಣ್ಣುಹಂಪಲು ಇರಬೇಕು, ಇಲ್ಲದಿದ್ದರೆ ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತಾರೆ.

ಮುಂಗಡ ಹಣ ಎಂಬ ಸೆಳೆತ

ಹಾಗಾದರೆ ಒಂದೇ ಪ್ಲಾಟ್‌ಫಾರ್ಮ್‌ಗೆ ಕಟ್ಟಿಕೊಳ್ಳಲು ಯಾಕೆ ಒಪ್ಪುತ್ತಾರೆ? ಬಹುಮಟ್ಟಿಗೆ ಉತ್ತರ, ಖಾತರಿ ಹಣ. ಕನ್ಸೋಲ್ ಕಂಪನಿಗಳು ನಗದಿನ ಬದಲು ಜಾಹೀರಾತು ವೆಚ್ಚ ಹೊರುವುದು, ತಮ್ಮ ಎಂಜಿನಿಯರ್‌ಗಳನ್ನು ಕಳಿಸುವುದು, ದೊಡ್ಡ ಕಾರ್ಯಕ್ರಮದಲ್ಲಿ ವೇದಿಕೆ ಕೊಡುವುದೂ ಉಂಟು. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡದ ರಾಜಿ ಎಂಬ ಆಟ 2020ರ ಆಗಸ್ಟ್ 18ರಂದು ನಿಂಟೆಂಡೊದ ಪ್ರದರ್ಶನದಲ್ಲಿ ಕಾಣಿಸಿಕೊಂಡು, ಅಂದೇ ನಿಂಟೆಂಡೊದ ಸ್ವಿಚ್ ಕನ್ಸೋಲ್‌ನಲ್ಲಿ ಮಾರಾಟಕ್ಕಿಳಿಯಿತು. ಪಿಸಿ, ಪಿಎಸ್ 4, ಎಕ್ಸ್‌ಬಾಕ್ಸ್ ಒನ್‌ಗೆ ಅಕ್ಟೋಬರ್ 15. ಭಾರತದ ಒಂದು ಸಣ್ಣ ತಂಡ ಆ ಮಟ್ಟದ ಪ್ರಚಾರವನ್ನು ದುಡ್ಡು ಕೊಟ್ಟು ಕೊಳ್ಳಲು ಸಾಧ್ಯವೇ ಇರಲಿಲ್ಲ. ಎರಡು ತಿಂಗಳ ಕಾಯುವಿಕೆ ಅದಕ್ಕೆ ಕೊಟ್ಟ ಬೆಲೆ, ಅಗ್ಗದ ಬೆಲೆಯೇ.

ಪಿಸಿ ಅಂಗಡಿಗಳ ನಡುವಿನ ಪೈಪೋಟಿಯಲ್ಲಿ ಲೆಕ್ಕ ಹೆಚ್ಚು ನಿಚ್ಚಳ. ಸ್ಟೀಮ್ ಸಾಮಾನ್ಯವಾಗಿ 30% ಕಮಿಷನ್ ಹಿಡಿಯುತ್ತದೆ (ಆಟದ ವಹಿವಾಟು 1 ಕೋಟಿ ಡಾಲರ್ ದಾಟಿದ ಮೇಲಿನ ಮಾರಾಟಕ್ಕೆ 25%, 5 ಕೋಟಿ ದಾಟಿದ ಮೇಲೆ 20%). ಎಪಿಕ್ ಸ್ಟೋರ್ ತನ್ನ ಪಾಲು 12% ಎಂದು ಹೇಳಿಕೊಂಡೇ ಶುರುವಾಯಿತು. ಕಂಟ್ರೋಲ್ ಆಟವನ್ನು ಪಿಸಿಯಲ್ಲಿ ಒಂದು ವರ್ಷ ತನ್ನಲ್ಲೇ ಇಟ್ಟುಕೊಳ್ಳಲು ಎಪಿಕ್ ಕೊಟ್ಟ ಹಣ 94.9 ಲಕ್ಷ ಯೂರೊ ಎಂಬುದು ಆ ಆಟದ ಪ್ರಕಾಶಕರ ಮಾತೃಸಂಸ್ಥೆಯ ಲೆಕ್ಕಪತ್ರದಿಂದ ಬಯಲಾಯಿತು.

ಒಂದು ಕಾಲ್ಪನಿಕ ಆಟ ತೆಗೆದುಕೊಂಡು ಕೂಡಿಸಿ ಕಳೆಯೋಣ. ಬೆಲೆ 30 ಡಾಲರ್. ಸ್ಟೀಮ್‌ನಲ್ಲಿ ಒಂದು ಪ್ರತಿಗೆ ಕೈಗೆ ಬರುವುದು 21, ಎಪಿಕ್‌ನಲ್ಲಿ 26.40. ಸ್ಟೀಮ್‌ನಲ್ಲಿ ಮೊದಲ ವರ್ಷ 1 ಲಕ್ಷ ಪ್ರತಿ ಹೋಗುತ್ತಿತ್ತು ಎಂದು ಅಂದಾಜಿಸಿದರೆ ಆದಾಯ 21 ಲಕ್ಷ ಡಾಲರ್. ಅಷ್ಟೇ ಹಣಕ್ಕೆ ಎಪಿಕ್‌ನಲ್ಲಿ ಸುಮಾರು 79,500 ಪ್ರತಿ ಸಾಕು. ನಿಜದಲ್ಲಿ 30,000 ಮಾತ್ರ ಹೋದವು ಅನ್ನಿ. ಮಾರಾಟದಿಂದ ಬಂದದ್ದು 7.92 ಲಕ್ಷ. ಎಪಿಕ್ 21 ಲಕ್ಷಕ್ಕೆ ಖಾತರಿ ಕೊಟ್ಟಿದ್ದರೆ ಉಳಿದ 13.08 ಲಕ್ಷದ ನಷ್ಟ ಅದರ ತಲೆಗೆ. ತಂಡದ ಕೈಗೆ ಪೂರ್ತಿ 21 ಲಕ್ಷ ಬಂತು, ಸಂಬಳ ನಡೆಯಿತು. ಖಾತರಿ ಹಣ ಎಂದರೆ ಮಾರಾಟದ ಮೇಲೆ ಸಿಗುವ ಬಹುಮಾನ ಎಂದು ತಿಳಿಯುವವರಿದ್ದಾರೆ. ಅಲ್ಲ, ಅದು ಮುಂಗಡ. ಮಾರಾಟದ ಪಾಲು ಅದನ್ನು ತುಂಬಿದ ಮೇಲಷ್ಟೇ ಹೆಚ್ಚುವರಿ ರೂಪಾಯಿ ಕೈಗೆ ಬರುತ್ತದೆ.

ವರ್ಷ ಕಳೆದು ಸ್ಟೀಮ್‌ಗೆ ಬಂದಾಗ ಏನಾಗುತ್ತದೆ? ಒಂದು ವರ್ಷದ ಆಟಕ್ಕೆ ಪೂರ್ತಿ ಬೆಲೆ ಕೇಳಿದರೆ ಗಿರಾಕಿ ಗೊಣಗುತ್ತಾನೆ. 40% ರಿಯಾಯಿತಿ ಕೊಟ್ಟರೆ ಬೆಲೆ 18 ಡಾಲರ್, ಕಮಿಷನ್ ಕಳೆದು ಕೈಗೆ 12.60. ಆ 1 ಲಕ್ಷ ಜನರಲ್ಲಿ ಅರ್ಧ ಜನ ಮಾತ್ರ ಇನ್ನೂ ಆಸಕ್ತಿ ಉಳಿಸಿಕೊಂಡಿದ್ದರೆ 6.3 ಲಕ್ಷ ಡಾಲರ್. ಖಾತರಿ ಹಣ ಸೇರಿಸಿದರೆ ಒಟ್ಟು 27.3 ಲಕ್ಷ, ತಂಡ ಲಾಭದಲ್ಲೇ ಇದೆ. ಆದರೆ ಖಾತರಿ 21 ಲಕ್ಷದ ಬದಲು 10 ಲಕ್ಷ ಆಗಿದ್ದರೆ ಒಟ್ಟು 16.3 ಲಕ್ಷ, ಸೀದಾ ಸ್ಟೀಮ್‌ಗೆ ಹೋಗಿದ್ದರೆ ಬರುತ್ತಿದ್ದಕ್ಕಿಂತ 4.7 ಲಕ್ಷ ಕಡಿಮೆ. ಸಹಿ ಹಾಕುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ವರ್ಷದ ಬಳಿಕ ನೂರಕ್ಕೆ ಎಷ್ಟು ಮಂದಿ ಉಳಿಯುತ್ತಾರೆ? ಕಥೆ ಮುಖ್ಯವಾದ ಆಟಕ್ಕೆ ಕಡಿಮೆ ಹಿಡಿಯಿರಿ, ಅಪ್‌ಡೇಟ್ ಬಂದಷ್ಟೂ ಬೆಳೆಯುವ ಆಟಕ್ಕೆ ಹೆಚ್ಚು ಹಿಡಿಯಬಹುದು. ಹೇಡಿಸ್ 2018ರ ಡಿಸೆಂಬರ್‌ನಲ್ಲಿ ಅರೆಬರೆ ರೂಪದಲ್ಲಿ ಎಪಿಕ್‌ಗೆ ಬಂದು, ಒಂದು ವರ್ಷದ ನಂತರ ಸ್ಟೀಮ್ ಸೇರಿ, 2020ರ ಸೆಪ್ಟೆಂಬರ್ 17ರಂದು ಪೂರ್ತಿಯಾಯಿತು. ಆಟ ಪೂರ್ತಿಯಾದ ದಿನ ಅದು ಸ್ಟೀಮ್‌ನಲ್ಲೂ ಸ್ವಿಚ್‌ನಲ್ಲೂ ಇತ್ತು. ಬೀಗ ಹಾಕಿದ್ದ ವರ್ಷವನ್ನು ತಂಡ ಆಟ ಕಟ್ಟುವುದಕ್ಕೇ ಬಳಸಿಕೊಂಡಿತ್ತು, ಕಳೆದುಕೊಂಡದ್ದು ಬಹಳ ಕಡಿಮೆ.

ಬೇಕೆಂದೇ ತಡ ಮಾಡಿದ್ದಲ್ಲ

ಎಲ್ಲ ವಿಳಂಬದ ಹಿಂದೆಯೂ ವ್ಯಾಪಾರದ ಕೈವಾಡ ಹುಡುಕಬೇಕಿಲ್ಲ. ಬಾಲ್ಡರ್ಸ್ ಗೇಟ್ 3 ಮೂರು ದಿನಾಂಕಗಳಲ್ಲಿ ಬಂತು: ಪಿಸಿ 2023ರ ಆಗಸ್ಟ್ 3, ಪಿಎಸ್ 5 ಸೆಪ್ಟೆಂಬರ್ 6, ಎಕ್ಸ್‌ಬಾಕ್ಸ್ ಡಿಸೆಂಬರ್ 7. ಪಿಸಿ ದಿನಾಂಕ ಮೊದಲು ಆಗಸ್ಟ್ 31 ಇತ್ತು. ಸೆಪ್ಟೆಂಬರ್ ಆರಂಭದಲ್ಲಿ ಸ್ಟಾರ್‌ಫೀಲ್ಡ್ ಎಂಬ ದೊಡ್ಡ ಆಟ ಬರುವುದಿತ್ತು, ಅದಕ್ಕೆ ಸಿಕ್ಕಿ ನಲುಗುವುದು ಬೇಡವೆಂದು ನಾಲ್ಕು ವಾರ ಮೊದಲೇ ಬಿಟ್ಟರು. ಫಲವಾಗಿ ಸ್ಟೀಮ್‌ನಲ್ಲಿ ಒಂದೇ ಹೊತ್ತಿಗೆ ಆಡುವವರ ಸಂಖ್ಯೆ 8.75 ಲಕ್ಷ ಮುಟ್ಟಿತು.

ಎಕ್ಸ್‌ಬಾಕ್ಸ್ ತಡವಾದದ್ದು ಮೆಮೊರಿಯಿಂದ. ಸೀರೀಸ್ ಎಕ್ಸ್‌ನಲ್ಲಿ 16 ಜಿಬಿ ರ್‍ಯಾಮ್, ಅಗ್ಗದ ಸೀರೀಸ್ ಎಸ್‌ನಲ್ಲಿ 10 ಜಿಬಿ. ಪರದೆಯನ್ನು ಎರಡು ಭಾಗ ಮಾಡಿ ಇಬ್ಬರು ಆಡುವ ಸೌಲಭ್ಯ ಎಸ್‌ನಲ್ಲಿ ಓಡಲಿಲ್ಲ. ಇಬ್ಬರು ಬೇರೆ ಬೇರೆ ಕಡೆ ಹೋದರೆ ಎರಡು ಜಾಗಗಳ ಲೋಕವನ್ನೂ ಮೆಮೊರಿಯಲ್ಲಿ ಹಿಡಿದಿಡಬೇಕಲ್ಲ. ಎರಡೂ ಯಂತ್ರಗಳಲ್ಲಿ ಒಂದೇ ಸೌಲಭ್ಯ ಇರಬೇಕು ಎಂಬುದು ಮೈಕ್ರೋಸಾಫ್ಟ್‌ನ ನಿಯಮ. ಆಗಸ್ಟ್‌ನಲ್ಲಿ ಎರಡೂ ಕಡೆಯವರು ಕೂತು ಮಾತಾಡಿ, ಎಸ್‌ಗೆ ಆ ಒಂದು ಸೌಲಭ್ಯದಲ್ಲಿ ವಿನಾಯಿತಿ ಸಿಕ್ಕಿತು. ಆಮೇಲೆ ಬಿಡುಗಡೆಯ ಹೊತ್ತನ್ನು ಆರಿಸಿದ ರೀತಿ ನೋಡಿ: ಡಿಸೆಂಬರ್ 7, ಗೇಮ್ ಅವಾರ್ಡ್ಸ್ ಸಮಾರಂಭದ ರಾತ್ರಿ. ವರ್ಷದ ಆಟ ಪ್ರಶಸ್ತಿ ಅದಕ್ಕೇ ಬಂತು. ನಾಲ್ಕು ತಿಂಗಳು ತಡವಾದ ಆವೃತ್ತಿಗೆ ಅದಕ್ಕಿಂತ ಒಳ್ಳೆಯ ಜಾಹೀರಾತು ಯಾರು ಕೊಡುತ್ತಾರೆ?

ಸಣ್ಣ ತಂಡಗಳು ಒಂದೇ ದಿನ ಎಲ್ಲೆಡೆ ಬಿಡಲಾಗದೆ ಒದ್ದಾಡುವುದು ಹೆಚ್ಚಾಗಿ ಸರ್ಟಿಫಿಕೇಶನ್‌ನಲ್ಲಿ. ಸೋನಿ, ಮೈಕ್ರೋಸಾಫ್ಟ್, ನಿಂಟೆಂಡೊ ಮೂವರಿಗೂ ಬೇರೆ ಬೇರೆ ನಿಯಮ ಪಟ್ಟಿ. ಆಟ ಚೆನ್ನಾಗಿದೆಯೇ ಎಂದು ಅವರು ನೋಡುವುದಿಲ್ಲ, ಯಂತ್ರದೊಂದಿಗೆ ಸರಿಯಾಗಿ ನಡೆದುಕೊಳ್ಳುತ್ತದೆಯೇ ಎಂದು ನೋಡುತ್ತಾರೆ. ಸೇವ್ ಆಗುತ್ತಿರುವಾಗ ಕಂಟ್ರೋಲರ್ ಬ್ಯಾಟರಿ ಸತ್ತರೆ? ಆಟದ ನಡುವೆ ಬೇರೆ ಖಾತೆಯವರು ಸೈನ್ ಇನ್ ಆದರೆ? ಡಿಸ್ಕ್‌ನಲ್ಲಿ ಜಾಗ ಮುಗಿದಿದ್ದರೆ? ಯಂತ್ರವನ್ನು ನಿದ್ದೆಗೆ ಕಳಿಸಿ ಎಬ್ಬಿಸಿದಾಗ ಸರ್ವರ್ ಸಂಪರ್ಕ ಮರಳಿ ಬರುತ್ತದೆಯೇ? ಒಂದರಲ್ಲಿ ತಪ್ಪಿದರೆ ತಿದ್ದಿ ಮತ್ತೆ ಸಾಲಿನಲ್ಲಿ ನಿಲ್ಲಬೇಕು. ಸ್ಟೀಮ್‌ನಲ್ಲಿ ಇಷ್ಟು ಕಟ್ಟುನಿಟ್ಟಿಲ್ಲ. ಬರಲಿದೆ ಎಂಬ ಪುಟ ಕನಿಷ್ಠ ಎರಡು ವಾರ ತೆರೆದಿರಬೇಕು, ಪರಿಶೀಲನೆಗೆ ಮೂರರಿಂದ ಐದು ಕೆಲಸದ ದಿನ. ಡಿಸ್ಕ್ ಒತ್ತಿಸುವುದಿದ್ದರೆ ಅದಕ್ಕೂ ವಾರಗಳು ಬೇಕು. ಹಾಗಾಗಿ ಐದಾರು ಜನರ ತಂಡ ಪಿಸಿಗೆ ಮೊದಲು ಬಿಟ್ಟು, ಬಂದ ದೂರುಗಳನ್ನು ತಿದ್ದಿ, ಕೈಗೆ ಕಾಸು ಬಂದ ಮೇಲೆ ಕನ್ಸೋಲ್‌ಗೆ ಹೋಗುವುದು ಬುದ್ಧಿವಂತಿಕೆಯೇ.

ಒಟ್ಟಿಗೆ ಬಿಡುವ ಹಟಕ್ಕೆ ತೆತ್ತ ಬೆಲೆಯ ಉದಾಹರಣೆ ಸೈಬರ್‌ಪಂಕ್ 2077. 2020ರ ಡಿಸೆಂಬರ್ 10ರಂದು ಪಿಸಿಗೂ ಹಳೆಯ ಕನ್ಸೋಲ್‌ಗಳಿಗೂ ಒಂದೇ ದಿನ ಬಂತು. ಪಿಎಸ್ 4ರಲ್ಲಿ ಅದರ ಪಾಡು ಎಷ್ಟು ಕೆಟ್ಟದಾಗಿತ್ತೆಂದರೆ ಸೋನಿ ಒಂದೇ ವಾರದಲ್ಲಿ ತನ್ನ ಅಂಗಡಿಯಿಂದ ಅದನ್ನು ತೆಗೆದುಹಾಕಿತು, ಮತ್ತೆ ಇಟ್ಟದ್ದು 2021ರ ಜೂನ್‌ನಲ್ಲಿ. 2020ರಲ್ಲೇ 1.37 ಕೋಟಿ ಪ್ರತಿ ಮಾರಾಟವಾಗಿದ್ದು ಹೌದು, ಜೊತೆಗೆ ಹಣ ವಾಪಸಿನ ಸಾಲೂ ಉದ್ದವಾಗಿತ್ತು. ಹಳೆಯ ಕನ್ಸೋಲ್ ಆವೃತ್ತಿಯನ್ನು ಆರು ತಿಂಗಳು ಹಿಡಿದಿಟ್ಟಿದ್ದರೆ ಈ ಅವಮಾನ ತಪ್ಪುತ್ತಿತ್ತು ಎಂಬುದು ನಮ್ಮ ಅನಿಸಿಕೆ.

ತಡವಾದ ಪಿಸಿ ಆವೃತ್ತಿ: ಸೋನಿಯ ಅಂಕಿಗಳು

2020ರ ಆಗಸ್ಟ್ 7ರಂದು ಹೊರೈಜನ್ ಝೀರೊ ಡಾನ್ ಪಿಸಿಗೆ ಬಂದಾಗ ಆಟಕ್ಕೆ ಮೂರೂವರೆ ವರ್ಷ ವಯಸ್ಸು. ಸೋನಿ 2022ರಲ್ಲಿ ಹೂಡಿಕೆದಾರರಿಗೆ ತೋರಿಸಿದ ಲೆಕ್ಕದಲ್ಲಿ, ಆ ವರ್ಷದ ಮಾರ್ಚ್ ಕೊನೆಗೆ ಹೊರೈಜನ್ ಪಿಸಿಯಲ್ಲಿ 23.98 ಲಕ್ಷ ಪ್ರತಿ, 6 ಕೋಟಿ ಡಾಲರ್. ಗಾಡ್ ಆಫ್ ವಾರ್ 9.71 ಲಕ್ಷ ಪ್ರತಿ, 2.62 ಕೋಟಿ ಡಾಲರ್. ಭಾಗಿಸಿ ನೋಡಿದರೆ ಪ್ರತಿಗೆ 25ರಿಂದ 27 ಡಾಲರ್. ಹೊರೈಜನ್‌ಗೆ ಇಪ್ಪತ್ತು ತಿಂಗಳು ಸಿಕ್ಕಿತ್ತು, ಗಾಡ್ ಆಫ್ ವಾರ್‌ಗೆ ಸಿಕ್ಕಿದ್ದು ಜನವರಿ 14ರಿಂದ ಹನ್ನೊಂದೇ ವಾರ. ಎಲ್ಲ ಮುಗಿದ ವ್ಯಾಪಾರ ಅಂದುಕೊಂಡಿದ್ದ ಆಟಗಳಿಂದ ಬಂದ ಹಣ ಇದು. ಪಿಎಸ್ 4 ಕಾಪಿ ಕೊಳ್ಳುವವರೆಲ್ಲ ಆಗಲೇ ಕೊಂಡಾಗಿತ್ತು, ಹಾಗಾಗಿ ಒಂದು ಇನ್ನೊಂದರ ಅನ್ನ ಕಿತ್ತುಕೊಳ್ಳಲಿಲ್ಲ.

ಇದೇ ಉಪಾಯ ಉತ್ತರಭಾಗಗಳಲ್ಲಿ ಮಂಕಾಯಿತು. ಗಾಡ್ ಆಫ್ ವಾರ್ ಪಿಸಿಗೆ ಬಂದಾಗ ಸ್ಟೀಮ್‌ನಲ್ಲಿ ಒಂದೇ ಹೊತ್ತಿಗೆ 73,000ಕ್ಕೂ ಹೆಚ್ಚು ಜನ ಆಡುತ್ತಿದ್ದರು. ಅದರ ಉತ್ತರಭಾಗ ರಾಗ್ನರಾಕ್ 22 ತಿಂಗಳ ಅಂತರದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಬಂದಾಗ ಅದರ ಅರ್ಧದಷ್ಟೂ ಇರಲಿಲ್ಲ. ಅಂತರ ಕಡಿಮೆ ಮಾಡಿಯೂ ಜನ ಕಡಿಮೆ. ಮೊದಲ ಭಾಗ ಪಿಸಿಯವರಿಗೆ ಅಪರೂಪದ ಅತಿಥಿಯಾಗಿತ್ತು, ಎರಡನೆಯದು ಆಗಲೇ ಅಂತರ್ಜಾಲದಲ್ಲಿ ನೋಡಿ ಮುಗಿಸಿದ ಕಥೆ. ಮೇಲಿಂದ ಪ್ಲೇಸ್ಟೇಷನ್ ಖಾತೆ ಕಡ್ಡಾಯ ಎಂಬ ಷರತ್ತು. ಆ ಸೇವೆಯೇ ಇಲ್ಲದ ದೇಶಗಳಲ್ಲಿ ಆಟ ಮಾರುವಂತೆಯೇ ಇರಲಿಲ್ಲ.

ಪೋರ್ಟ್ (ಬೇರೆ ಯಂತ್ರಕ್ಕೆ ಹೊಂದಿಸಿದ ಆವೃತ್ತಿ) ಕೆಟ್ಟಿದ್ದರಂತೂ ಅಂತರದ ಮಾತೇ ಬೇಡ. 2023ರ ಮಾರ್ಚ್ 28ರಂದು ದ ಲಾಸ್ಟ್ ಆಫ್ ಅಸ್ ಪಾರ್ಟ್ 1 ಪಿಸಿಗೆ ಬಂತು. ಅದರ ಟಿವಿ ಸರಣಿ ಆಗಷ್ಟೇ ಮುಗಿದು ಎಲ್ಲರ ಬಾಯಲ್ಲಿತ್ತು, ಮುಹೂರ್ತ ಚಿನ್ನದಂಥದ್ದು. ಆದರೆ ಮೊದಲ ಸಲ ತೆರೆದಾಗ ಗ್ರಾಫಿಕ್ಸ್ ಕಾರ್ಡಿಗೆ ತಕ್ಕಂತೆ ಶೇಡರ್‌ಗಳನ್ನು (ಬೆಳಕು, ಬಣ್ಣ ಮೂಡಿಸುವ ಪುಟ್ಟ ಪ್ರೋಗ್ರಾಂಗಳು) ಸಿದ್ಧಪಡಿಸಲು ಅದಕ್ಕೆ ಅರ್ಧ ಗಂಟೆ, ಕೆಲವರ ಯಂತ್ರದಲ್ಲಿ ಒಂದು ಗಂಟೆಗೂ ಮೇಲೆ ಹಿಡಿಯುತ್ತಿತ್ತು. ಸ್ಟೀಮ್‌ನಲ್ಲಿ ಹಣ ವಾಪಸಿಗೆ ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಯೊಳಗೆ ಎಂಬ ಮಿತಿ ಇದೆ. ಶೇಡರ್ ಬೇಯುವ ಹೊತ್ತೂ ಆಡಿದ ಸಮಯಕ್ಕೇ ಜಮೆ! ಹಾಗಾಗಿ ಆಟ ಶುರುವಾಗುವ ಮೊದಲೇ ಗಡುವಿನ ಅರ್ಧ ಕರಗಿದವರು ಕೋಪದಲ್ಲಿ ವಿಮರ್ಶೆ ಬರೆದರು. ಸ್ಟೀಮ್‌ನಲ್ಲಿ ಮೊದಲ ದಿನದ ಕೆಟ್ಟ ವಿಮರ್ಶೆಗಳ ಆ ಕೆಂಪು ಬಣ್ಣ, ತಪ್ಪು ತಿದ್ದುವ ಪ್ಯಾಚ್ ಬಂದ ಮೇಲೂ ಬೇಗ ಅಳಿಯುವುದಿಲ್ಲ.

ಇಂಥ ಎಡವಟ್ಟು ಎಲ್ಲಿಂದ ಬರುತ್ತದೆ ಎಂದರೆ, ಪಿಎಸ್ 5 ಒಂದೇ ಬಗೆಯ ಯಂತ್ರ, ಶೇಡರ್‌ಗಳನ್ನು ಮೊದಲೇ ಬೇಯಿಸಿ ಡಿಸ್ಕ್‌ಗೆ ತುಂಬಬಹುದು. ಪಿಸಿ ಎಂದರೆ ಮನೆಗೊಂದು ಬಗೆ. ಜಿಟಿಎ 5ರ ಪಿಸಿ ಬಿಡುಗಡೆಯಲ್ಲಿ ವಿಂಡೋಸ್ ಖಾತೆಯ ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಬಿಟ್ಟು ಬೇರೇನಿದ್ದರೂ ಆಟ ತೆರೆಯುತ್ತಿರಲಿಲ್ಲ. ಹೊಸ ಖಾತೆ ಮಾಡಿಕೊಳ್ಳಿ ಎಂಬುದೇ ಅಂದಿನ ಪರಿಹಾರ. ಅಭಿಮಾನದಿಂದ ಕನ್ನಡದಲ್ಲಿ ಹೆಸರಿಟ್ಟುಕೊಂಡ ಕಂಪ್ಯೂಟರ್ ಆಗಿದ್ದರೂ ಅದೇ ಪಾಡು.

ಹೊಸ ಯಂತ್ರ, ಹೊಸ ಜಾಗ

ತಡವಾಗಿ ಬಂದೂ ಜಯಿಸಿದ ಸಣ್ಣ ಆಟಗಳನ್ನು ನೋಡಿದರೆ ಅವು ಹೋದ ಯಂತ್ರ ಆಡುವ ಅಭ್ಯಾಸವನ್ನೇ ಬದಲಿಸುವಂಥದ್ದು. ಸ್ಟಾರ್‌ಡ್ಯೂ ವ್ಯಾಲಿ 2016ರ ಫೆಬ್ರುವರಿಯಲ್ಲಿ ಪಿಸಿಗೆ ಬಂದು, ಸ್ವಿಚ್‌ಗೆ ಹೋದದ್ದು 2017ರ ಅಕ್ಟೋಬರ್ 5ಕ್ಕೆ. ಉಳಿದದ್ದು ಮೂರೇ ತಿಂಗಳಾದರೂ ಆ ವರ್ಷ ಸ್ವಿಚ್‌ನಲ್ಲಿ ಅತಿ ಹೆಚ್ಚು ಡೌನ್‌ಲೋಡ್ ಆದ ಆಟ ಅದೇ. ಬೆಳೆಗೆ ನೀರು ಹಾಕಿ, ಕೋಳಿಗೆ ಕಾಳು ಹಾಕಿ ಹದಿನೈದು ನಿಮಿಷಕ್ಕೆ ಒಂದು ದಿನ ಮುಗಿಯುವ ಆಟವನ್ನು ಹಾಸಿಗೆಯಲ್ಲಿ, ರೈಲಿನಲ್ಲಿ ಆಡುವ ಅನುಕೂಲ ಪಿಸಿಯಲ್ಲಿ ಎಲ್ಲಿತ್ತು? ಪಿಸಿಯಲ್ಲಿ ಆಡಿ ಮುಗಿಸಿದವರೂ ಮತ್ತೆ ಕೊಂಡರು.

ಜೊತೆಗಾರರಿದ್ದರಷ್ಟೇ ನಡೆಯುವ ಆಟಗಳಿಗೆ ಮಾತ್ರ ಅಂತರ ವಿಷ. ನಾಲ್ವರು ಗೆಳೆಯರಲ್ಲಿ ಇಬ್ಬರಿಗೆ ಇಂದು, ಇನ್ನಿಬ್ಬರಿಗೆ ಮುಂದಿನ ವರ್ಷ ಎಂದರೆ ನಾಲ್ವರೂ ಬೇರೆ ಆಟಕ್ಕೆ ಹೋಗುತ್ತಾರೆ. ಹೆಲ್‌ಡೈವರ್ಸ್ 2ಅನ್ನು ಸೋನಿ ತನ್ನ ರೂಢಿ ಮುರಿದು 2024ರ ಫೆಬ್ರುವರಿ 8ರಂದು ಪಿಎಸ್ 5, ಪಿಸಿ ಎರಡಕ್ಕೂ ಒಟ್ಟಿಗೆ ಬಿಟ್ಟಿತು, ಎರಡೂ ಕಡೆಯವರು ಕೂಡಿ ಆಡುವಂತೆ. ಹನ್ನೆರಡು ವಾರದಲ್ಲಿ 1.2 ಕೋಟಿ ಪ್ರತಿ. ಪ್ಲೇಸ್ಟೇಷನ್ ಆಟಗಳಲ್ಲೇ ಅತಿ ವೇಗದ ಮಾರಾಟ.

ಫೈನಲ್ ಫ್ಯಾಂಟಸಿ ಸರಣಿಯ ಕಂಪನಿ ಸ್ಕ್ವೇರ್ ಎನಿಕ್ಸ್ ಲೆಕ್ಕ ತಪ್ಪಿದ್ದು ಯಂತ್ರಗಳ ಎಣಿಕೆಯಲ್ಲಿ. ಫೈನಲ್ ಫ್ಯಾಂಟಸಿ 15, 2016ರಲ್ಲಿ ಪಿಎಸ್ 4, ಎಕ್ಸ್‌ಬಾಕ್ಸ್ ಒನ್ ಎರಡಕ್ಕೂ ಬಂದಾಗ ಮೊದಲ ದಿನವೇ 50 ಲಕ್ಷ ಪ್ರತಿ ಹೋಗಿದ್ದವು. 16ನೆಯದು 2023ರ ಜೂನ್‌ನಲ್ಲಿ ಪಿಎಸ್ 5ಕ್ಕೆ ಮಾತ್ರ ಬಂದಾಗ ಒಂದು ವಾರಕ್ಕೆ 30 ಲಕ್ಷ. ಆಗ ಜಗತ್ತಿನಲ್ಲಿದ್ದ ಪಿಎಸ್ 5 ಸುಮಾರು 4 ಕೋಟಿ. ಪಿಸಿಗೆ ಹದಿನೈದು ತಿಂಗಳು, ಎಕ್ಸ್‌ಬಾಕ್ಸ್‌ಗೆ ಎರಡು ವರ್ಷ ತಡ. 2024ರ ಮೇನಲ್ಲಿ ಕಂಪನಿ ಇನ್ನು ಮುಂದೆ ಎಲ್ಲ ಪ್ಲಾಟ್‌ಫಾರ್ಮ್‌ಗಳತ್ತಲೂ ಹೋಗುತ್ತೇವೆಂದು ತನ್ನ ಯೋಜನೆಯಲ್ಲೇ ಬರೆಯಿತು.

ಇಂಥ ಸುದ್ದಿಗಳಲ್ಲಿ ಬರುವ ಅಂಕಿ ಓದುವಾಗ ಒಂದು ಎಚ್ಚರ ಬೇಕು. ಅಂಗಡಿಗೆ ಕಳಿಸಿದ ಪ್ರತಿ ಬೇರೆ, ಗಿರಾಕಿ ಕೈಸೇರಿದ ಪ್ರತಿ ಬೇರೆ. ಮೊದಲ ದಿನದ ದೊಡ್ಡ ಸಂಖ್ಯೆಗಳಲ್ಲಿ ಹೆಚ್ಚಿನವು ಮೊದಲ ಬಗೆಯವು. ಸ್ಟೀಮ್‌ನ ಏಕಕಾಲದ ಆಟಗಾರರ ಸಂಖ್ಯೆಯಂತೂ ಮಾರಾಟವೇ ಅಲ್ಲ, ಒಂದೇ ಬಗೆಯ ಎರಡು ಆಟಗಳನ್ನು ಹೋಲಿಸಲು ಮಾತ್ರ ಉಪಯೋಗ.

ಈಗ ಎಲ್ಲರ ಕಣ್ಣು ಜಿಟಿಎ 6ರ ಮೇಲೆ. ರಾಕ್‌ಸ್ಟಾರ್ 2025ರಲ್ಲಿ ಎರಡು ಸಲ ಮುಂದೂಡಿ ಘೋಷಿಸಿದ ದಿನ 2026ರ ನವೆಂಬರ್ 19, ಪಿಎಸ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್‌ಗೆ. ಪಿಸಿ ಮಾತೇ ಎತ್ತಲಿಲ್ಲ. ಹಲವು ಪ್ಲಾಟ್‌ಫಾರ್ಮ್‌ಗಳ ಆಟದಲ್ಲಿ ಪಿಸಿಯ ಪಾಲು 40% ಆಗಬಹುದು ಎಂದು ಮಾತೃಸಂಸ್ಥೆ ಟೇಕ್-ಟೂದ ಮುಖ್ಯಸ್ಥರೇ ಹೇಳಿದ್ದಾರೆ, ಹಾಗಾಗಿ ಅದು ಮರೆತುಹೋದ ವಿಷಯವಲ್ಲ. ಒಂದೊಳ್ಳೆ ಪಿಸಿ ಇಟ್ಟುಕೊಂಡವನು ಬಾಯಿ ಚಪ್ಪರಿಸುತ್ತ ಪಿಎಸ್ 5 ಬೆಲೆ ವಿಚಾರಿಸಲಿ ಎಂದೇ ಈ ಮೌನ. ತಾರೀಖು ಈಗಲೇ ಹೇಳಿಬಿಟ್ಟರೆ ಅವನು ಗೇಮ್‌ಕ್ಯೂಬ್ ಕೊಳ್ಳಹೊರಟಿದ್ದವನಂತೆ ಪರ್ಸನ್ನು ಮತ್ತೆ ಜೇಬಿಗೆ ಹಾಕಿಕೊಳ್ಳುತ್ತಾನೆ.